ಮನೆಯಲ್ಲೇ ಆಫೀಸು, ಕಾಲ ಬಳಿ ನಾಯಿ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಈ ತಿಂಗಳು ಮುಂಬಯಿ, ಪುಣೆ ಮತ್ತು ಗೋವೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಿಂದಲೇ ಕೆಲಸ ಮಾಡುತ್ತಿರುವವರು ಬರೆದವು. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಊಟದ ಮೇಜನ್ನು ಏರಿದ ಲ್ಯಾಪ್‌ಟಾಪು ಎಷ್ಟೋ ಮನೆಗಳಲ್ಲಿ ಇನ್ನೂ ಅಲ್ಲಿಂದ ಇಳಿದಿಲ್ಲ. ಆಗ ಮತ್ತು ಆಮೇಲೆ ತಂದ ಮರಿಗಳು ಮಾತ್ರ ದೊಡ್ಡವಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಚಿಕ್ಕದಾಗಿಸಿ ಇಲ್ಲಿ ಉತ್ತರಿಸಿದ್ದೇನೆ. ಹಲವರು ಹೆಸರು ಬೇಡ ಎಂದು ಕೇಳಿಕೊಂಡಿದ್ದರಿಂದ ಎಲ್ಲರ ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದು, ವಾರದ ಐದೂ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಯಜಮಾನರು ಬೆಳಿಗ್ಗೆ ಲೋಕಲ್ ಹಿಡಿದರೆ ಬರುವುದು ರಾತ್ರಿಯೇ. ನಮ್ಮ ಮೋತಿ ಬೀದಿಯಿಂದ ತಂದು ಸಾಕಿದ ದೇಸಿ ನಾಯಿ, ಮೂರು ವರ್ಷ. ಇಡೀ ದಿನ ಅವನ ಕಣ್ಣೆದುರಿಗೇ ಇದ್ದರೂ ಮೀಟಿಂಗ್ ಶುರುವಾದ ಕೂಡಲೇ ಬೊಗಳುತ್ತಾನೆ, ದುಪಟ್ಟಾ ಹಿಡಿದು ಎಳೆಯುತ್ತಾನೆ. ಸುಮ್ಮನಾಗಲಿ ಎಂದು ಬಿಸ್ಕತ್ತು ಕೊಡುತ್ತೇನೆ. ದಿನಕ್ಕೊಂದು ಪೊಟ್ಟಣ ಮುಗಿಯುತ್ತಿದೆ. ಇಷ್ಟು ಜೊತೆಗಿದ್ದರೂ ಇವನಿಗೆ ಏನು ಕೊರತೆ ಡಾಕ್ಟರೇ?
(ಡೊಂಬಿವಲಿ ಪೂರ್ವ)

ಉತ್ತರ: ‘ಅವನ ಕಣ್ಣೆದುರಿಗೇ ಇದ್ದರೂ’ ಎಂದು ನೀವು ಬರೆದಿರುವುದು ನಿಜ, ಆದರೆ ನಿಮ್ಮ ಕಣ್ಣೆದುರಿಗೆ ಇರುವುದು ಮೋತಿಯಲ್ಲ, ಲ್ಯಾಪ್‌ಟಾಪಿನ ಪರದೆ. ಮನೆಯಲ್ಲಿ ಇರುವುದು ಬೇರೆ, ನಾಯಿಯ ಜೊತೆ ಇರುವುದು ಬೇರೆ. ಈ ಸಲದ ಪತ್ರಗಳಲ್ಲಿ ಅರ್ಧದಷ್ಟು ಇವೆರಡನ್ನೂ ಒಂದೇ ಎಂದು ತಿಳಿದು ಬರೆದವು, ಆದ್ದರಿಂದ ಇದನ್ನು ಮೊದಲೇ ಒತ್ತಿ ಹೇಳುತ್ತಿದ್ದೇನೆ.

ಮೋತಿಗೆ ನಿಮ್ಮ ಮೀಟಿಂಗ್ ಹೇಗೆ ಕಾಣುತ್ತದೆ ಎಂದು ಯೋಚಿಸಿ. ಎರಡು ಗಂಟೆ ತುಟಿ ಬಿಚ್ಚದೆ ಕುಳಿತಿದ್ದ ನೀವು ಹೆಡ್‌ಫೋನ್ ಹಾಕಿಕೊಂಡು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮಾತನಾಡತೊಡಗುತ್ತೀರಿ. ಆ ಕಡೆಯವರ ದನಿ ಅವನಿಗೆ ಕೇಳಿಸುವುದಿಲ್ಲ, ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ತನ್ನನ್ನೇ ಮಾತನಾಡಿಸುತ್ತಿದ್ದಾರೆ ಎಂಬಂತೆ ಅವನು ಎದ್ದು ಬರುತ್ತಾನೆ, ನೀವು ತಿರುಗಿ ನೋಡದಿದ್ದಾಗ ಬೊಗಳುತ್ತಾನೆ, ಆಗ ಬಿಸ್ಕತ್ತು ಬರುತ್ತದೆ. ಹೀಗೆ ನಾಲ್ಕು ದಿನ ನಡೆದರೆ ಸಾಕು, ಹೆಡ್‌ಫೋನ್ ಎತ್ತಿಕೊಂಡ ಸಪ್ಪಳಕ್ಕೇ ಅವನ ಕಿವಿ ನೆಟ್ಟಗಾಗುತ್ತದೆ. ಬೊಗಳಿದರೆ ತಿಂಡಿ ಎಂಬ ಪಾಠವನ್ನು ನೀವೇ ಕಲಿಸಿದ್ದೀರಿ, ಅವನು ಚೆನ್ನಾಗಿ ಕಲಿತಿದ್ದಾನೆ. ಇದರಲ್ಲಿ ಅವನ ಹಟವೇನೂ ಇಲ್ಲ.

ಮೊದಲು ಬೆಳಗಿನ ಹೊತ್ತನ್ನು ಸರಿಪಡಿಸಿ. ಕೆಲಸಕ್ಕೆ ಕೂರುವ ಮುಂಚೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅವನನ್ನು ಹೊರಗೆ ಸುತ್ತಾಡಿಸಿ, ಆದರೆ ಸರಪಳಿ ಎಳೆದು ಓಡೋಡಿ ನಡೆಸಬೇಡಿ. ದೀಪದ ಕಂಬ, ಗಿಡದ ಬುಡ, ನಿಂತ ರಿಕ್ಷಾದ ಚಕ್ರ, ಯಾವುದನ್ನು ಮೂಸಬೇಕೆನ್ನಿಸುತ್ತದೆಯೋ ಅದನ್ನು ಅವನು ಮನಸಾರೆ ಮೂಸಲಿ; ಮೂಗಿಗೆ ಕೆಲಸ ಸಿಕ್ಕಿದ ನಾಯಿ ಮನೆಗೆ ಬಂದು ನೆಮ್ಮದಿಯಾಗಿ ಮಲಗುತ್ತದೆ. ಆಮೇಲೆ ಹಗಲಿನಲ್ಲಿ ಎರಡು ಸಲ, ಒಂದು ಊಟದ ಹೊತ್ತಿಗೆ, ಇನ್ನೊಂದು ಸಂಜೆಯ ಚಹಾದ ಹೊತ್ತಿಗೆ, ಹತ್ತು ಹತ್ತು ನಿಮಿಷ ಫೋನನ್ನು ಬೇರೆ ಕೋಣೆಯಲ್ಲಿಟ್ಟು ನೆಲದ ಮೇಲೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಹತ್ತು ನಿಮಿಷದಿಂದ ಏನಾಗುತ್ತದೆ ಎಂದು ಕೇಳಬೇಡಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿ ಬೆಕ್ಕುಗಳನ್ನು ಹತ್ತೇ ನಿಮಿಷ ಕೈಯಾರೆ ಮುಟ್ಟಿ ನೇವರಿಸಿದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಪ್ರಮಾಣವು, ಬೇರೆಯವರು ನೇವರಿಸುವುದನ್ನು ದೂರದಿಂದ ನೋಡಿದವರಿಗಿಂತಲೂ ಬರೀ ಚಿತ್ರ ನೋಡಿದವರಿಗಿಂತಲೂ ಕಡಿಮೆ ಇತ್ತು. ಮುಟ್ಟಿ ಕಳೆದ ಹತ್ತು ನಿಮಿಷದ ಲಾಭ ನಿಮಗೂ ಇದೆ ಎಂದಾಯಿತು.

ಇನ್ನು ಮೀಟಿಂಗ್‌ನ ವಿಷಯ. ಮೇಜಿನಿಂದ ಎರಡು ಮಾರು ದೂರದಲ್ಲಿ ಒಂದು ಗೋಣಿತಾಟನ್ನೋ ಹಳೆಯ ಚಾದರವನ್ನೋ ಹಾಸಿ, ಅದು ಅವನ ಜಾಗವೆಂದು ಗೊತ್ತುಮಾಡಿ. ಮೀಟಿಂಗ್ ಇಲ್ಲದಾಗ ಹೆಡ್‌ಫೋನ್ ಹಾಕಿಕೊಂಡು ಖಾಲಿ ಪರದೆಯ ಮುಂದೆ ಎರಡು ನಿಮಿಷ ಗಟ್ಟಿಯಾಗಿ ಮಾತನಾಡಿ. ಅವನು ಹಾಸಿನ ಮೇಲೆ ಸುಮ್ಮನೆ ಇರುವಾಗಲೇ, ಬೊಗಳುವ ಮುಂಚೆಯೇ, ಒಂದು ತುಣುಕು ತಿಂಡಿಯನ್ನು ಅಲ್ಲಿಗೇ ಹಾಕಿ. ದಿನಕ್ಕೆ ಒಂದೊಂದು ನಿಮಿಷ ಹೆಚ್ಚಿಸಿ. ಬೊಗಳಿದ್ದಕ್ಕೆ ತಿಂಡಿ ನಿಲ್ಲಿಸಿದ ಮೊದಲ ಕೆಲವು ದಿನ ಬೊಗಳುವುದು ಹೆಚ್ಚೇ ಆಗುತ್ತದೆ. ಅಷ್ಟಕ್ಕೆ ಸೋತು ಮತ್ತೆ ಬಿಸ್ಕತ್ತಿನ ಪೊಟ್ಟಣ ತೆಗೆದರೆ, ಇನ್ನೂ ಜೋರಾಗಿ ಬೊಗಳಬೇಕು ಎಂದು ಕಲಿಸಿದಂತಾಗುತ್ತದೆ. ಮುಖ್ಯವಾದ ಮೀಟಿಂಗ್ ಇದ್ದ ದಿನ, ಒಳಗೆ ಪೊಳ್ಳಿರುವ ರಬ್ಬರ್ ಆಟಿಕೆಗೆ ಉಪ್ಪು ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ, ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಗಟ್ಟಿಮಾಡಿ ಇಟ್ಟುಕೊಳ್ಳಿ. ಅದನ್ನು ನೆಕ್ಕಿ ಮುಗಿಸುವ ಹೊತ್ತಿಗೆ ನಿಮ್ಮ ಅರ್ಧ ಮೀಟಿಂಗ್ ಮುಗಿದಿರುತ್ತದೆ. ಮೈದಾ ಸಕ್ಕರೆಯ ಬಿಸ್ಕತ್ತನ್ನು ಇಂದಿನಿಂದಲೇ ಬಿಡಿ. ತಿಂಡಿಯ ತುಣುಕುಗಳು ಅವನ ದಿನದ ಊಟದ ಪಾಲಿನಿಂದಲೇ ಬರಲಿ.

ಇನ್ನೊಂದು ಮಾತು. ಬೆಳೆದ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗುತ್ತದೆ. ಮಲಗಿದ್ದಾಗ ಮುದ್ದು ಬಂತೆಂದು ಎಬ್ಬಿಸಬೇಡಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಸಿಂಬಾನನ್ನು ಮರಿಯಾಗಿದ್ದಾಗ ತಂದ ದಿನದಿಂದಲೂ ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ಈಗ ಕಂಪನಿ ವಾರಕ್ಕೆ ಮೂರು ದಿನ ಹಿಂಜೆವಾಡಿಯ ಆಫೀಸಿಗೆ ಬರಲು ಹೇಳಿದೆ. ನಾನು ಹೋದ ದಿನ ಅವನು ಊಳಿಡುತ್ತಾನೆ, ಬಾಗಿಲು ಪರಚುತ್ತಾನೆ, ಹಾಲ್‌ನಲ್ಲೇ ಮೂತ್ರ ಮಾಡುತ್ತಾನೆ. ಪಕ್ಕದ ಮನೆಯವರು ವಾಟ್ಸಾಪ್ ಗುಂಪಿನಲ್ಲಿ ದೂರು ಹಾಕಿದ್ದಾರೆ. ಬಂದು ಗದರಿಸಿದಾಗ ತಲೆ ತಗ್ಗಿಸುತ್ತಾನೆ, ಅಂದರೆ ತಪ್ಪು ಎಂದು ಅವನಿಗೆ ಗೊತ್ತು. ಆದರೂ ಮರುದಿನ ಅದೇ. ಇನ್ನೊಂದು ನಾಯಿ ತಂದರೆ ಸರಿಹೋಗುವುದೇ?
(ವಾಕಡ್, ಪುಣೆ)

ಉತ್ತರ: ದಯವಿಟ್ಟು ಗದರಿಸುವುದನ್ನು ಇಂದೇ ನಿಲ್ಲಿಸಿ. ತಲೆ ತಗ್ಗಿಸುವುದು ತಪ್ಪೊಪ್ಪಿಗೆಯಲ್ಲ, ಭಯ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷಿಸಿ ತೋರಿಸಿದರು: ‘ತಪ್ಪು ಮಾಡಿದ ಮುಖ’ ಎಂದು ನಾವು ಹೇಳುವ ಆ ಭಾವ, ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದನ್ನು ಅವಲಂಬಿಸಿರದೆ, ಯಜಮಾನರು ಗದರಿಸಿದಾಗ ಹೆಚ್ಚಾಗಿ ಕಾಣಿಸಿಕೊಂಡಿತು. ನೀವು ಸಂಜೆ ಬಂದು ಬೈದರೆ, ಬೆಳಿಗ್ಗೆ ಬಾಗಿಲು ಪರಚಿದ್ದಕ್ಕೂ ಆ ಬೈಗುಳಕ್ಕೂ ಇರುವ ಸಂಬಂಧ ಸಿಂಬಾನಿಗೆ ತಿಳಿಯುವುದಿಲ್ಲ. ನೀವು ಹೋಗುವುದೂ ಭಯ, ಬರುವುದೂ ಭಯ ಎಂದಷ್ಟೇ ಆಗುತ್ತದೆ.

ನಿಮ್ಮ ವರ್ಣನೆ ಸೆಪರೇಶನ್ ಆಂಗ್ಸೈಟಿ ಎಂಬ ತೊಂದರೆಗೆ, ಅಂದರೆ ಅಗಲಿಕೆಯ ಆತಂಕಕ್ಕೆ, ಹೊಂದುತ್ತದೆ. ಆದರೂ ಒಂದು ಹಳೆಯ ಮೊಬೈಲನ್ನು ಕಪಾಟಿನ ಮೇಲೆ ಚಿತ್ರೀಕರಣಕ್ಕೆ ಇಟ್ಟು ಹೋಗಿ, ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ನೀವು ಹೋದ ಮೊದಲ ಅರ್ಧ ಗಂಟೆಯೊಳಗೇ ಏದುಸಿರು, ಅಡ್ಡಾಟ, ಊಳು ಶುರುವಾದರೆ, ಇಟ್ಟುಹೋದ ಚಿಕನ್ ತುಂಡನ್ನು ಮೂಸಿಯೂ ನೋಡದೆ ನೀವು ಬಂದ ಮೇಲೆಯೇ ತಿಂದರೆ, ಪರಚಿದ ಗೆರೆಗಳು ಮುಖ್ಯ ಬಾಗಿಲಿನ ಚೌಕಟ್ಟಿನಲ್ಲಿ, ಚಿಲಕದ ಬದಿಯಲ್ಲೇ ಇದ್ದರೆ, ಅದು ಆತಂಕ. ಹಾಗಲ್ಲದೆ ಮಧ್ಯಾಹ್ನದವರೆಗೆ ಚೆನ್ನಾಗಿ ನಿದ್ದೆಮಾಡಿ ಎದ್ದು, ಆಮೇಲೆ ಚಪ್ಪಲಿ ಹರಿದರೆ ಅದು ಬೇಸರ. ಅದಕ್ಕೆ ಹೆಚ್ಚು ನಡಿಗೆ ಮತ್ತು ಜಗಿಯುವ ಆಟಿಕೆ ಸಾಕು. ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದ ಒಂದು ಹೆಣ್ಣು ಲ್ಯಾಬ್ರಡಾರ್‌ನ ಮುಂಗಾಲಿನ ಎರಡು ಉಗುರುಗಳು ಬುಡಕ್ಕೆ ಸೀಳಿ ರಕ್ತ ಹೆಪ್ಪುಗಟ್ಟಿತ್ತು, ಸೀಳಿನಲ್ಲಿ ಬಾಗಿಲಿನ ಬಣ್ಣದ ಚಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ತುಂಟತನ ಎಂದು ಕರೆಯಲು ನನಗೆ ಮನಸ್ಸು ಬರಲಿಲ್ಲ.

ಹುಟ್ಟಿದಾಗಿನಿಂದ ಒಂಟಿಯಾಗಿ ಇದ್ದೇ ಗೊತ್ತಿಲ್ಲದ ನಾಯಿಗೆ ಒಮ್ಮೆಲೇ ಹತ್ತು ಗಂಟೆ ಒಂಟಿಯಾಗಿರು ಎಂದರೆ ಅದು ಕಲಿಯುವುದಾದರೂ ಹೇಗೆ? ನಿಮಗೆ ಒಂದು ಅನುಕೂಲವಿದೆ, ವಾರದಲ್ಲಿ ಎರಡು ಕೆಲಸದ ದಿನ ಇನ್ನೂ ಮನೆಯಲ್ಲಿರುತ್ತೀರಿ. ಆ ದಿನಗಳಲ್ಲಿ ಕಲಿಸಿ. ಮೊದಲು ಹೊರಡುವ ಸೂಚನೆಗಳ ಬಿಸಿ ಇಳಿಸಬೇಕು: ಬೈಕಿನ ಕೀಲಿ ಎತ್ತಿಕೊಂಡು ಮತ್ತೆ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿ, ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು ಅಡುಗೆ ಮನೆಗೆ ಹೋಗಿ ನೀರು ಕುಡಿದು ಬನ್ನಿ, ಶೂ ಹಾಕಿಕೊಂಡೇ ಒಂದು ಮೀಟಿಂಗ್ ಮುಗಿಸಿ. ಕೀಲಿಯ ಸದ್ದಿಗೆ ಅವನು ತಲೆ ಎತ್ತದಂತಾದ ಮೇಲೆ ಬಾಗಿಲಿನ ಪಾಠ. ಹೊರಗೆ ಹೋಗಿ ಹತ್ತು ಸೆಕೆಂಡಿಗೆ ಬನ್ನಿ, ಆಮೇಲೆ ಅರ್ಧ ನಿಮಿಷ, ಮತ್ತೆ ಹದಿನೈದು ಸೆಕೆಂಡು, ಆಮೇಲೆ ಒಂದು ನಿಮಿಷ. ಪ್ರತಿ ಸಲವೂ ಹೆಚ್ಚುತ್ತಲೇ ಹೋಗಬಾರದು, ನಡುವೆ ಕಡಿಮೆಯೂ ಇರಬೇಕು, ಮತ್ತು ಯಾವಾಗಲೂ ಅವನು ಗಾಬರಿಗೊಳ್ಳುವ ಮುಂಚೆಯೇ ಹಿಂದಿರುಗಬೇಕು. ಹೋಗುವಾಗ ತಬ್ಬಿಕೊಂಡು ಸಮಾಧಾನ ಹೇಳುವುದೂ ಬೇಡ, ಬಂದಾಗ ಸಂಭ್ರಮವೂ ಬೇಡ. ಇದರ ಜೊತೆಗೆ, ಮನೆಯಲ್ಲಿರುವ ದಿನವೂ ಅರ್ಧ ಗಂಟೆ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡಿ, ಅವನು ಹಾಲ್‌ನಲ್ಲಿ ಇರಲಿ. ಶೌಚಾಲಯದ ಬಾಗಿಲವರೆಗೂ ಹಿಂಬಾಲಿಸುವ ನಾಯಿಗೆ ನೀವು ಕಾಣದಿದ್ದರೂ ಏನೂ ಆಗುವುದಿಲ್ಲ ಎಂಬುದು ಮೊದಲು ಮನೆಯೊಳಗೇ ತಿಳಿಯಬೇಕು.

ಇದು ವಾರಗಳ ಕೆಲಸ, ಕೆಲವೊಮ್ಮೆ ತಿಂಗಳುಗಳ ಕೆಲಸ. ಅಲ್ಲಿಯವರೆಗೆ ಆಫೀಸಿನ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಟ್ಟರೆ ಕಲಿಸಿದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಮನೆಗೆ ಬಂದು ನೋಡಿಕೊಳ್ಳುವವರನ್ನೋ, ನಾಯಿಗಳ ಡೇ-ಕೇರ್ ಅನ್ನೋ, ಊರಿನಿಂದ ಬಂದು ಇರಬಲ್ಲ ಹಿರಿಯರನ್ನೋ ನೋಡಿಕೊಳ್ಳಿ. ಈ ಖರ್ಚಿನಲ್ಲಿ ಹಿಂದೆಮುಂದೆ ನೋಡಬೇಡಿ. ಮೂತ್ರ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಸೋಂಕು ಇದ್ದರೆ ಯಾವ ತರಬೇತಿಯೂ ನಾಟದು. ಆತಂಕ ತೀವ್ರವಾಗಿದ್ದರೆ ಫ್ಲುಯಾಕ್ಸೆಟಿನ್, ಕ್ಲೋಮಿಪ್ರಮಿನ್‌ನಂಥ ಔಷಧಿಗಳಿವೆ. ಅವುಗಳ ಪರಿಣಾಮ ಕಾಣಲು ಕೆಲವು ವಾರ ಬೇಕು, ತರಬೇತಿಯ ಜೊತೆಗೇ ನಡೆಯಬೇಕು, ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು. ಮನೆಯವರ ನಿದ್ದೆಮಾತ್ರೆಯನ್ನು ಅರ್ಧ ಮಾಡಿ ಕೊಡುವವರಿದ್ದಾರೆ, ಅದು ಅಪಾಯ.

ಇನ್ನೊಂದು ನಾಯಿಯಿಂದ ಇದು ಗುಣವಾಗುವ ಭರವಸೆ ಇಲ್ಲ. ಸಿಂಬಾನಿಗೆ ಬೇಕಾಗಿರುವುದು ನೀವು, ಬೇರೆ ನಾಯಿಯಲ್ಲ. ಪಕ್ಕದ ಮನೆಯವರಿಗೆ ವಾಟ್ಸಾಪಿನಲ್ಲಿ ಉತ್ತರಿಸದೆ ಖುದ್ದಾಗಿ ಹೋಗಿ, ಚಿಕಿತ್ಸೆ ನಡೆಯುತ್ತಿದೆ, ಸ್ವಲ್ಪ ಸಮಯ ಕೊಡಿ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಕೆಲಸದ ವೇಳೆ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕುತ್ತೇನೆ. ಅದರ ಸದ್ದಿಗೆ ಬೇಸತ್ತ ಸೊಸೈಟಿ ಕಮಿಟಿಯವರು, ನಾಯಿಯನ್ನು ಲಿಫ್ಟಿನಲ್ಲಿ ತರಬಾರದು, ಇಲ್ಲವಾದರೆ ಮನೆ ಬಿಡಿ ಎನ್ನುತ್ತಿದ್ದಾರೆ. ನಾವಿರುವುದು ಹನ್ನೊಂದನೆಯ ಮಹಡಿ.
(ಐರೋಲಿ, ನವಿ ಮುಂಬಯಿ)

ಉತ್ತರ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸೊಸೈಟಿಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬಾರದು ಎನ್ನುವಂತಿಲ್ಲ, ಬೊಗಳುತ್ತದೆ ಎಂಬುದೂ ನಿಷೇಧಕ್ಕೆ ಕಾರಣವಾಗದು. ಆ ಕಾಗದವನ್ನು ಕಮಿಟಿಗೆ ಕೊಡಿ, ಜೊತೆಗೆ ಮಹಾನಗರ ಪಾಲಿಕೆಯ ಪರವಾನಗಿ ಮತ್ತು ರೇಬಿಸ್ ಲಸಿಕೆಯ ದಾಖಲೆಯನ್ನೂ ಕೊಡಿ.

ಆದರೆ ಕಾನೂನು ನಿಮ್ಮ ಕಡೆಗೂ ನೋಡುತ್ತದೆ. ಪ್ರಾಣಿಯನ್ನು ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಗಾಜಿನ ಬಾಗಿಲಿನ ಆಚೆ ಕಟ್ಟಿದ ನಾಯಿಗೆ ನೀವು ಒಳಗೆ ಕಾಣಿಸುತ್ತೀರಿ, ಕೈಗೆ ಸಿಗುವುದಿಲ್ಲ. ಹೊರಗಿನ ಕಾಗೆ, ಪಾರಿವಾಳ, ಕೆಳಗಿನ ಬೀದಿನಾಯಿ ಎಲ್ಲವೂ ಕಾಣಿಸುತ್ತವೆ, ಅವೂ ಸಿಗುವುದಿಲ್ಲ. ಅದು ಬೊಗಳದೆ ಇನ್ನೇನು ಮಾಡಬೇಕು? ಮೇ ತಿಂಗಳ ಮಧ್ಯಾಹ್ನ ಆ ಬಾಲ್ಕನಿಯ ಹಾಸುಗಲ್ಲಿನ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗುವುದಿಲ್ಲ. ಅದನ್ನು ಒಳಗೆ, ನಿಮ್ಮ ಮೇಜಿನ ಹತ್ತಿರ ಕರೆದುಕೊಳ್ಳಿ, ಮೇಲೆ ಡೊಂಬಿವಲಿಯ ಓದುಗಿಗೆ ಹೇಳಿದ ಹಾಸಿನ ಪಾಠವನ್ನು ಕಲಿಸಿ. ಕಮಿಟಿಯ ಅರ್ಧ ದೂರು ತಾನಾಗಿಯೇ ಇಲ್ಲವಾಗುತ್ತದೆ.

ಪ್ರಶ್ನೆ: ಅನುವಾದದ ಕೆಲಸ ಮಾಡುತ್ತೇನೆ. ನಮ್ಮ ಬೆಕ್ಕು ಚಿನ್ನಿ ಹಗಲೆಲ್ಲ ಕೀಬೋರ್ಡಿನ ಮೇಲೆಯೇ ಮಲಗುತ್ತದೆ, ಎತ್ತಿ ಇಳಿಸಿದರೆ ಎರಡೇ ನಿಮಿಷಕ್ಕೆ ಮತ್ತೆ ಹಾಜರು. ಬೆಳಗಿನ ಜಾವ ನಾಲ್ಕಕ್ಕೆ ಮುಖ ತಟ್ಟಿ ಎಬ್ಬಿಸುತ್ತದೆ. ಬೆಕ್ಕಿಗೂ ನಾಯಿಯ ಹಾಗೆ ಸಮಯ ಕೊಡಬೇಕೇ?
(ಮುಲುಂಡ್ ಪಶ್ಚಿಮ)

ಉತ್ತರ: ಕೊಡಬೇಕು, ಆದರೆ ಅದರ ಹೊತ್ತಿಗೆ ಕೊಡಬೇಕು. ಬೆಕ್ಕು ಹಗಲಿಗೂ ರಾತ್ರಿಗೂ ಸೇರದ ಪ್ರಾಣಿ. ಮುಂಜಾವು ಮತ್ತು ಮುಸ್ಸಂಜೆ ಅದು ಚುರುಕಾಗಿರುವ ಹೊತ್ತು, ಉಳಿದಂತೆ ದಿನಕ್ಕೆ 12ರಿಂದ 16 ಗಂಟೆ ನಿದ್ದೆ. ಕೀಬೋರ್ಡು ಬೆಚ್ಚಗಿದೆ, ನಿಮ್ಮ ಕೈಯ ವಾಸನೆ ಅಲ್ಲಿದೆ, ಅಲ್ಲಿ ಕುಳಿತರೆ ನೀವು ಎತ್ತಿ ಮಾತನಾಡಿಸುತ್ತೀರಿ. ಇಷ್ಟೆಲ್ಲ ಸಿಗುವ ಜಾಗವನ್ನು ಅದೇಕೆ ಬಿಟ್ಟೀತು? ಮೇಜಿನ ಮೇಲೆಯೇ, ನಿಮ್ಮ ಎಡಗೈ ಪಕ್ಕದಲ್ಲಿ, ಕೊರಿಯರ್‌ನಲ್ಲಿ ಬಂದ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು, ನೀವು ಉಟ್ಟು ಒಗೆಯದ ಒಂದು ಹತ್ತಿ ಸೀರೆಯನ್ನು ಮಡಚಿ ಹಾಸಿ. ಅದು ಪೆಟ್ಟಿಗೆಯಲ್ಲಿ ಕುಳಿತಾಗ ಮಾತ್ರ ಎಡಗೈಯಿಂದ ಕೆನ್ನೆ ಸವರಿ. ಕೀಬೋರ್ಡಿಗೆ ಬಂದರೆ ಮಾತಿಲ್ಲದೆ ಎತ್ತಿ ಪೆಟ್ಟಿಗೆಯಲ್ಲಿಡಿ.

ನಾಲ್ಕು ಗಂಟೆಯ ತಟ್ಟುವಿಕೆಗೆ ಮದ್ದು ರಾತ್ರಿಯಲ್ಲಿದೆ. ನೀವು ಮಲಗುವ ಮುಂಚೆ ಕೋಲಿಗೆ ದಾರ, ದಾರಕ್ಕೆ ಗರಿ ಕಟ್ಟಿ ಕಾಲು ಗಂಟೆ ಬೇಟೆಯಾಡಿಸಿ. ಅದು ಹೊಂಚುಹಾಕಲಿ, ಹಾರಲಿ, ಕೊನೆಗೆ ಹಿಡಿಯಲಿ, ಹಿಡಿದ ಕೂಡಲೇ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬುದು ಬೆಕ್ಕಿನ ಸಹಜ ಕ್ರಮ. ಆಟ ಮುಗಿದ ಮೇಲೆ ದಾರವನ್ನು ಕಪಾಟಿನಲ್ಲಿಡಿ, ನುಂಗಿದ ದಾರ ಕರುಳನ್ನು ಕತ್ತರಿಸಬಲ್ಲದು. ಬೆಳಗಿನ ಜಾವ ಎಬ್ಬಿಸಿದಾಗ ಒಂದೇ ಒಂದು ಸಲ ಎದ್ದು ಊಟ ಹಾಕಿದರೂ ಮತ್ತೆ ಮೊದಲಿನಿಂದ ಶುರು.

ಕೇಳದಿದ್ದರೂ ಎರಡು ಎಚ್ಚರಿಕೆ ಹೇಳಲೇಬೇಕು. ತಲೆನೋವಿಗೆಂದು ಮೇಜಿನ ಮೇಲಿಟ್ಟುಕೊಳ್ಳುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು; ಹೂಗುಚ್ಛದಲ್ಲಿ ಬರುವ ಲಿಲ್ಲಿಯ ಎಲೆ, ಪರಾಗ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಮತ್ತು ಗಾಳಿಗೆಂದು ತೆರೆದಿಟ್ಟ ಕಿಟಕಿಗೆ ಬಲೆ ಹಾಕಿಸಿ. ಗ್ರಿಲ್ ಇದೆ ಎಂದು ಸುಮ್ಮನಿರಬೇಡಿ. ಪಾರಿವಾಳದ ಹಿಂದೆ ಹಾರಿದ ಬೆಕ್ಕು ಗ್ರಿಲ್ಲಿನ ಸಂದಿಯಲ್ಲಿ ಸಲೀಸಾಗಿ ತೂರಿಹೋಗುತ್ತದೆ.

ಪ್ರಶ್ನೆ: ನಮ್ಮದು ಜಮಖಂಡಿ. ಅಣ್ಣ ಊರಿನಿಂದ ಮುಧೋಳ ನಾಯಿಯ ಮರಿ ಕೊಟ್ಟಿದ್ದಾನೆ, ಈಗ ಹದಿನಾಲ್ಕು ತಿಂಗಳು. ನಾನು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತು ಕೆಲಸ ಮಾಡುವವನು. ಬೇಟೆನಾಯಿಯನ್ನು ಹೀಗೆ ಇಟ್ಟುಕೊಳ್ಳುವುದು ಪಾಪವೇ? ಎಲುಬು ಕಾಣುತ್ತವೆ, ಊಟ ಹಾಕುವುದಿಲ್ಲವೇ ಎಂದು ಅಕ್ಕಪಕ್ಕದವರು ಬೇರೆ ಕೇಳುತ್ತಾರೆ.
(ಚಿಂಚವಾಡ)

ಉತ್ತರ: ಅಕ್ಕಪಕ್ಕದವರಿಗೆ ಅಂಚೆಚೀಟಿ ತೋರಿಸಿ. 2005ರಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ನಮ್ಮ ಮುಧೋಳ ನಾಯಿಯೂ ಇತ್ತು. ಆಳವಾದ ಎದೆ, ಒಳಗೆ ಸರಿದ ಹೊಟ್ಟೆ, ಉದ್ದ ಕಾಲು, ಇದೇ ಅದರ ಮೈಕಟ್ಟು. ಕೊನೆಯ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಂಡರೆ ಆರೋಗ್ಯ. ಬೆನ್ನುಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದು ಕಂಡರೆ ಮಾತ್ರ ಚಿಂತಿಸಿ.

ಪಾಪವೇನೂ ಇಲ್ಲ. ಈ ನಾಯಿ ದಿನವಿಡೀ ಓಡುವುದಲ್ಲ. ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಕೆಲವು ನಿಮಿಷ ಬಾಣದಂತೆ ಓಡಿ, ಆಮೇಲೆ ಗಂಟೆಗಟ್ಟಲೆ ಕಾಲು ಚಾಚಿ ಮಲಗುವುದು ಅದರ ಸ್ವಭಾವ, ಮನೆಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದು ಒಗ್ಗುವ ಸ್ವಭಾವವೇ. ಆದರೆ ಆ ಕೆಲವು ನಿಮಿಷದ ಓಟವನ್ನು ತಪ್ಪಿಸಿದರೆ ಎಲ್ಲವೂ ಕೆಡುತ್ತದೆ. ಬೇಲಿ ಅಥವಾ ಗೋಡೆ ಇರುವ ಮೈದಾನ ಹುಡುಕಿ, ವಾರಕ್ಕೆ ಕನಿಷ್ಠ ನಾಲ್ಕು ದಿನ ಬಿಟ್ಟು ಓಡಿಸಿ. ಉಳಿದ ದಿನ ದೀರ್ಘ ನಡಿಗೆ. ರಸ್ತೆಯಲ್ಲಿ ಎಷ್ಟೇ ನಂಬಿಕೆ ಇದ್ದರೂ ಪಟ್ಟಿ ಬಿಚ್ಚಬೇಡಿ. ಒಂದು ಬೆಕ್ಕು ಅಡ್ಡ ಬಂದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ, ಎದುರಿನ ಪಿಎಂಪಿಎಂಎಲ್ ಬಸ್ಸು ಅದಕ್ಕೆ ಕಾಣುವುದಿಲ್ಲ. ಆಳದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟಕ್ಕೂ ಓಟಕ್ಕೂ ನಡುವೆ ಒಂದೆರಡು ಗಂಟೆ ಬಿಡುವಿರಲಿ. ಚರ್ಮ ತೆಳು, ಕೊಬ್ಬು ಕಡಿಮೆ. ಪುಣೆಯ ಡಿಸೆಂಬರಿನ ರಾತ್ರಿ ಬರಿಯ ಟೈಲ್ಸಿನ ಮೇಲೆ ಮಲಗಿಸಬೇಡಿ. ಊರಿನಿಂದ ಅವ್ವನ ಹಳೆಯ ಕೌದಿ ತರಿಸಿ ನಿಮ್ಮ ಮೇಜಿನ ಪಕ್ಕದಲ್ಲಿ ಹಾಸಿ. ಮೊಣಕೈಯ ಹತ್ತಿರ ಗಟ್ಟಿ ದಡ್ಡು ಬೀಳುವುದೂ ತಪ್ಪುತ್ತದೆ.

ಪ್ರಶ್ನೆ: ಮೀಟಿಂಗುಗಳ ನಡುವೆ ಬೇಸರ ಕಳೆಯಲು ಒಂದು ಹಸಿರು ಗಿಳಿ ಸಾಕೋಣವೆಂದಿದ್ದೇವೆ.
(ಬೊರಿವಲಿ)

ಉತ್ತರ: ಬೇಡ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿದೇಶಿ ಮೂಲದ ಬಜ್ರಿಗರ್ ಹಕ್ಕಿಗಳನ್ನು ಜೋಡಿಯಾಗಿ ಸಾಕಬಹುದು, ಆದರೆ ಅಡುಗೆ ಮನೆಗೆ ತಾಗಿ ಪಂಜರ ಇಡಬೇಡಿ. ನಾನ್‌ಸ್ಟಿಕ್ ತವೆ ಅತಿಯಾಗಿ ಕಾದಾಗ ಏಳುವ ಹೊಗೆ ಹಕ್ಕಿಗಳನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ.

ಪ್ರಶ್ನೆ: ನಾವಿಬ್ಬರೂ ಮನೆಯಿಂದ ಕೆಲಸ ಮಾಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಮಳೆಯಲ್ಲಿ ಎರಡು ವರ್ಷದ ಬೀಗಲ್ ನಾಯಿಯನ್ನು ಹೊರಗೆ ಒಯ್ಯುವುದೇ ಆಗುವುದಿಲ್ಲ. ಅದು ಸೋಫಾ ಕಡಿಯುತ್ತಿದೆ, ಚಾರ್ಜರಿನ ವಯರನ್ನೂ ಕಡಿಯಿತು.
(ವಾಸ್ಕೋ, ಗೋವಾ)

ಉತ್ತರ: ವಯರಿನ ಕೆಲಸ ಮೊದಲು. ವಿದ್ಯುತ್ ಆಘಾತವಾದ ನಾಯಿ ಎದ್ದು ಓಡಾಡಿದರೂ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹಾಗೇನಾದರೂ ಆದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ವಯರುಗಳನ್ನೆಲ್ಲ ಗಟ್ಟಿ ಪ್ಲಾಸ್ಟಿಕ್ ಕೊಳವೆಯಲ್ಲಿ ತೂರಿಸಿ ಮೇಜಿನ ಹಿಂಬದಿಗೆ ಕಟ್ಟಿ.

ಬೀಗಲ್ ಮೂಗಿನಿಂದ ಬದುಕುವ ನಾಯಿ. ಕಾಲಿಗೆ ಹೊರಗೆ ಕೆಲಸವಿಲ್ಲದ ದಿನ ಮೂಗಿಗೆ ಮನೆಯಲ್ಲೇ ಕೆಲಸ ಕೊಡಬೇಕು. ಅದರ ಬೆಳಗಿನ ಊಟವನ್ನು ತಟ್ಟೆಯಲ್ಲಿ ಹಾಕುವುದನ್ನು ಬಿಡಿ. ಹಳೆಯ ಟವೆಲ್ಲನ್ನು ನೆಲದ ಮೇಲೆ ಹರಡಿ, ಉದ್ದಕ್ಕೂ ಊಟದ ಕಾಳು ಉದುರಿಸಿ, ಚಾಪೆಯಂತೆ ಸುತ್ತಿ ಕೊಡಿ. ಅದು ಮೂತಿಯಿಂದ ಒಂದೊಂದೇ ಸುತ್ತು ಬಿಚ್ಚಿ ತಿನ್ನುತ್ತದೆ. ಎರಡನೆಯ ದಿನ ಟವೆಲ್ಲಿಗೆ ಒಂದು ಸಡಿಲ ಗಂಟು ಹಾಕಿ. ಒಬ್ಬರು ನಾಯಿಯನ್ನು ಅಡುಗೆ ಮನೆಯಲ್ಲಿ ಹಿಡಿದುಕೊಂಡಿರಿ, ಇನ್ನೊಬ್ಬರು ತುಣುಕುಗಳನ್ನು ಕುರ್ಚಿಯ ಕಾಲಿನ ಹಿಂದೆ, ಪರದೆಯ ಅಂಚಿನಲ್ಲಿ, ಖಾಲಿ ತೆಂಗಿನ ಕರಟದ ಅಡಿಯಲ್ಲಿ ಬಚ್ಚಿಟ್ಟು ‘ಹುಡುಕು’ ಎನ್ನಿ. ಇಬ್ಬರಿದ್ದೀರಿ, ಮೀಟಿಂಗಿನ ವೇಳೆ ನೋಡಿಕೊಂಡು ಸರದಿ ಹಾಕಿಕೊಳ್ಳಿ. ಇಬ್ಬರೂ ಇದ್ದಾರೆಂದು ಇಬ್ಬರೂ ನೋಡದಿರುವುದನ್ನೇ ನಾನು ಹೆಚ್ಚಾಗಿ ಕಾಣುವುದು.

ಮಳೆ ಬಿಡುವು ಕೊಟ್ಟಾಗ ಕಾಲು ಗಂಟೆಯಾದರೂ ಹೊರಗೆ ಒಯ್ಯಿರಿ, ಆದರೆ ನಿಂತ ನೀರು ಕುಡಿಯಲು ಬಿಡಬೇಡಿ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ನಿಮಗೂ ಬರಬಹುದು. ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಹಾಕಿಸಿ. ಮನೆಗೆ ಬಂದ ಮೇಲೆ ಬೆರಳ ಸಂದಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಜೋಲು ಕಿವಿಯ ಒಳಗೆ, ಕುತ್ತಿಗೆಪಟ್ಟಿಯ ಅಡಿಯಲ್ಲಿ ಉಣ್ಣೆ ಹತ್ತಿದೆಯೇ ಎಂದು ಬೆರಳಾಡಿಸಿ ನೋಡಿ. ಉಣ್ಣೆಯಿಂದ ಬರುವ ಜ್ವರಕ್ಕೆ ತಡವಾಗಿ ಕರೆತಂದ ನಾಯಿಗಳನ್ನು ಉಳಿಸುವುದು ಕಷ್ಟ. ಈ ಬೆರಳಾಡಿಸುವ ಐದು ನಿಮಿಷವೂ ನೀವು ಅದರ ಜೊತೆ ಕಳೆದ ಸಮಯವೇ.

ಪ್ರಶ್ನೆ: ನಮ್ಮ ರಾಜಾನಿಗೆ ಹದಿಮೂರು ವರ್ಷ. ಕಣ್ಣು ಮಂಜಾಗಿದೆ, ಕಿವಿ ಕೇಳಿಸುವುದು ಕಡಿಮೆ. ಹಗಲೆಲ್ಲ ನನ್ನ ಕುರ್ಚಿಯ ಕೆಳಗೇ ಮಲಗುತ್ತಾನೆ, ರಾತ್ರಿ ಎದ್ದು ಅಡ್ಡಾಡುತ್ತಾನೆ. ಹೋದ ವಾರ ಕುರ್ಚಿಯ ಚಕ್ರ ಅವನ ಬಾಲದ ಮೇಲೆ ಹರಿಯಿತು. ಬೇರೆ ಕೋಣೆಯಲ್ಲಿ ಮಲಗಿಸಲೇ?
(ಕೋಥ್ರೂಡ್, ಪುಣೆ)

ಉತ್ತರ: ಬೇರೆ ಕೋಣೆ ಬೇಡ. ಕಣ್ಣು ಕಿವಿ ಮಂದವಾದ ನಾಯಿಗೆ ನಿಮ್ಮ ವಾಸನೆ ಮತ್ತು ನೆಲದ ಮೂಲಕ ಬರುವ ನಿಮ್ಮ ಹೆಜ್ಜೆಯ ಅದುರುವಿಕೆಯೇ ಆಸರೆ. ಅದನ್ನು ಕಿತ್ತುಕೊಂಡರೆ ಅವನ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಚಕ್ರದ ಕುರ್ಚಿಯನ್ನು ತೆಗೆದು ನಾಲ್ಕು ಕಾಲಿನ ಗಟ್ಟಿ ಕುರ್ಚಿ ತನ್ನಿ. ಏಳುವ ಮುಂಚೆ ಅಂಗಾಲಿನಿಂದ ನೆಲವನ್ನು ಎರಡು ಸಲ ಮೆಲ್ಲಗೆ ತಟ್ಟುವ ಅಭ್ಯಾಸ ಮಾಡಿಕೊಳ್ಳಿ, ಕೆಲವೇ ದಿನಗಳಲ್ಲಿ ಅದರ ಅರ್ಥ ಅವನಿಗೆ ತಿಳಿಯುತ್ತದೆ. ಮಲಗಿದ್ದಾಗ ಹಿಂದಿನಿಂದ ಮುಟ್ಟಬೇಡಿ. ಕೈಯನ್ನು ಮೂಗಿನ ಹತ್ತಿರ ತಂದು, ಅವನು ಮೂಸಿದ ಮೇಲೆ ಭುಜ ಮುಟ್ಟಿ.

ರಾತ್ರಿಯ ಅಡ್ಡಾಟ ಮುಪ್ಪಿನ ಮರೆವಿನ ಲಕ್ಷಣವಾಗಿರಬಹುದು, ಕೀಲುನೋವೂ ಇರಬಹುದು, ಮೂತ್ರಪಿಂಡದ ತೊಂದರೆಯಿಂದ ಬಾಯಾರಿಕೆ ಹೆಚ್ಚಿರಬಹುದು. ಈ ಮೂರಕ್ಕೂ ಚಿಕಿತ್ಸೆ ಬೇರೆಬೇರೆ, ಆದ್ದರಿಂದ ರಕ್ತ ಮತ್ತು ಮೂತ್ರ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಮುಂದೆ ಆರು ತಿಂಗಳಿಗೊಮ್ಮೆ ಮಾಡಿಸುತ್ತಿರಿ. ಹಗಲಿಡೀ ಮಲಗಲು ಬಿಡದೆ, ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ನೀವು ಚಹಾಕ್ಕೆ ಎದ್ದಾಗ ಅವನನ್ನೂ ಎಬ್ಬಿಸಿ, ಬಿಸಿಲು ಬೀಳುವ ಕಿಟಕಿಯವರೆಗೆ ನಿಧಾನವಾಗಿ ನಡೆಸಿ ಹತ್ತು ನಿಮಿಷ ಜೊತೆಗಿರಿ. ಹಗಲಿನಲ್ಲಿ ಎಚ್ಚರವಿದ್ದಷ್ಟೂ ರಾತ್ರಿಯ ನಿದ್ದೆ ಒಳ್ಳೆಯದಾಗುತ್ತದೆ. ಮೇಜಿನಿಂದ ನೀರಿನ ಬಟ್ಟಲವರೆಗೆ, ಅಲ್ಲಿಂದ ಹಾಸಿಗೆಯವರೆಗೆ ಕಾಲು ಜಾರದಂತೆ ಯೋಗದ ಚಾಪೆಗಳನ್ನು ಒಂದಕ್ಕೊಂದು ತಾಗಿಸಿ ಹಾಸಿ, ಹಾಸಿದ ಮೇಲೆ ಮನೆಯ ಸಾಮಾನುಗಳ ಜಾಗ ಬದಲಾಯಿಸಬೇಡಿ. ರಾತ್ರಿ ಆ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ.